ಹದಿನಾಲ್ಕನೇ ನಂಬರಿನ ಮನೆ ಕಳುವು

"ಸಾರ್, ನನ್ನ ಮನೆ ಕಳುವಾಗಿದೆ."

ಸಬ್ ಇನ್‌ಸ್ಪೆಕ್ಟರ್ ಪೆನ್ನು ಕೈಗೆತ್ತಿಕೊಂಡ. "ಮನೇಲಿ ಏನೇನು ಹೋಗಿದೆ ಅಮ್ಮ?"

"ಮನೇಲಿ ಏನೂ ಹೋಗಿಲ್ಲ. ಮನೇನೇ ಹೋಗಿದೆ."

"ಈಗ ಮನೆ ಎಲ್ಲಿದೆ?"

"ಎಲ್ಲಿತ್ತೋ ಅಲ್ಲೇ ಇದೆ. ಬೀಗ ಹಾಕ್ಕೊಂಡು ಬಂದಿದೀನಿ."

ಮೂಲೆಯಲ್ಲಿದ್ದ ಕಾನ್‌ಸ್ಟೇಬಲ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಸಬ್ ಇನ್‌ಸ್ಪೆಕ್ಟರ್ ನಗಲಿಲ್ಲ. ಈ ಊರಿಗೆ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಯಾರ ಮನೆಯ ಮಾತೆತ್ತಿದರೂ ನಂಬರ್ ಕೇಳುತ್ತಾನೆಂದು ಜನ ಬೆನ್ನ ಹಿಂದೆ ಆತನಿಗೆ ನಂಬರ್ ಸಾಹೇಬ್ರು ಎಂದು ಹೆಸರಿಟ್ಟಿದ್ದರು. ಎದುರಿಗೆ ನಿಂತ ಹೆಂಗಸನ್ನು ಊರು ಟೈಲರಮ್ಮ ಎನ್ನುತ್ತಿತ್ತು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಆಕೆ ಒಂದು ಕಾಗದ ಮುಂದೆ ಚಾಚಿದಳು.

ಪಟ್ಟಣ ಕಚೇರಿಯ ನೋಟಿಸು. ಹಳೇ ಸಾಲಿನ ಹದಿನಾಲ್ಕನೇ ನಂಬರಿನ ಮನೆ ವಾಸವಿಲ್ಲದ ಪಾಳುಮನೆ ಎಂದು ತಪಾಸಣೆಯಲ್ಲಿ ಕಂಡುಬಂದಿದೆ. ಏಳು ದಿನಗಳ ನಂತರ ರಸ್ತೆಗಾಗಿ ಅದನ್ನು ಕೆಡವಲಾಗುವುದು.

ರಸ್ತೆಯ ವಿಷಯ ಆತನಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ದನ ಮೇಯುತ್ತಿದ್ದ ದಿಬ್ಬದ ಮೇಲೆ ಈಗ ಇನ್ನೂರು ಮನೆ ಎದ್ದಿದ್ದವು. ಅಲ್ಲಿಯವರಿಗೆ ಪೇಟೆಗೆ ಬರಲು ನೇರ ದಾರಿಯಿಲ್ಲ, ನಡುವೆ ಹಳೇ ಸಾಲು ಅಡ್ಡ. ಸಾಲಿನಲ್ಲಿ ಯಾವ ಮನೆ ಪಾಳು ಬಿದ್ದಿದೆಯೋ ಅದರ ಜಾಗದಲ್ಲಿ ರಸ್ತೆ ತೆಗೆಯುವುದು, ಜನ ಇರುವ ಮನೆ ಮುಟ್ಟುವುದಿಲ್ಲ ಎಂದು ಕಚೇರಿ ಮಾತು ಕೊಟ್ಟಿತ್ತು. ಜಗಳವಿಲ್ಲದೆ ಬೆಳೆಯಬೇಕೆಂದು ಒಂದು ಊರು ಇಷ್ಟು ಯೋಚಿಸಿದ್ದು ಆತನಿಗೆ ಮೆಚ್ಚುಗೆಯಾಗಿತ್ತು.

"ಪಾಳು ಬಿದ್ದಿರೋದು ಪಕ್ಕದ ಹದಿನೈದು ಸಾರ್. ಸೂರಿಲ್ಲ, ಬರೀ ಗೋಡೆ. ನಾನು ಹದಿನಾಲ್ಕರಲ್ಲಿ ಇಪ್ಪತ್ತೆರಡು ವರ್ಷದಿಂದ ಇದೀನಿ. ಕಚೇರಿಗೆ ಹೋದ್ರೆ, ವರದಿ ಪ್ರಕಾರ ನೀವು ಅಲ್ಲಿ ವಾಸವಿಲ್ಲ ಅಂತಾರೆ. ಆ ಕಚೇರಿಯ ಕಿಟಕಿ ಪರದೆ ಹೊಲಿದವಳೇ ನಾನು! ಮೂರು ದಿನ ಅಲೆದೆ. ಇನ್ನು ನಾಲ್ಕು ದಿನ ಇದೆ."

ಕಣ್ಣಲ್ಲಿ ನೀರಿರಲಿಲ್ಲ. ದನಿ ನಡುಗಲಿಲ್ಲ. ಸೂರು ಹೋಗುವ ಹೊತ್ತಿನಲ್ಲೂ ಹೀಗೆ ನಿಲ್ಲುವುದು ಎಲ್ಲರ ಕೈಲಾಗುವ ಮಾತಲ್ಲ ಎಂದುಕೊಳ್ಳುತ್ತ ಆತ ಟೋಪಿ ಹಾಕಿಕೊಂಡ.

* * *

ಹಳೇ ಸಾಲಿನಲ್ಲಿ ಎಲ್ಲವೂ ಸರಿಯಾಗಿತ್ತು. ಟೈಲರಮ್ಮನ ಬಾಗಿಲ ಚೌಕಟ್ಟಿನ ಮೇಲೆ ಹದಿನಾಲ್ಕು ಎಂಬ ನೀಲಿ ತಗಡು. ಪಕ್ಕದ ಪಾಳುಗೋಡೆಯ ಬೋಳು ಚೌಕಟ್ಟಿನ ಮೇಲೆ ಹದಿನೈದು.

ತಪಾಸಣೆಗೆ ಬಂದಿದ್ದ ಅಧಿಕಾರಿ ಹೊರಗಿನವನು. ಫೋನಿನಲ್ಲೇ ಸಿಡಿಮಿಡಿಗೊಂಡ. "ನನ್ನ ಕೈಯಲ್ಲಿ ಇದ್ದದ್ದು ನಂಬರುಗಳ ಪಟ್ಟಿ ಸಾರ್. ಹೆಸರಿಲ್ಲ. ಮಂಗಳವಾರ ಮಧ್ಯಾಹ್ನ ಹದಿನಾಲ್ಕರ ಮುಂದೆ ನಿಂತು ಫೋಟೋ ತೆಗೆದಿದೀನಿ. ಕಳಿಸ್ತೀನಿ, ನೀವೇ ನೋಡಿ."

ಫೋಟೋ ಬಂತು. ಸೂರಿಲ್ಲದ ಗೋಡೆ. ಬೋಳು ಚೌಕಟ್ಟು. ಅದರ ಮೇಲೆ ಹದಿನಾಲ್ಕು.

"ಯಾರೋ ತಗಡು ಅದಲು ಬದಲು ಮಾಡಿದಾರೆ. ಅಧಿಕಾರಿ ಹೋದ ಮೇಲೆ ವಾಪಸ್ ಹಾಕಿದಾರೆ," ಎಂದ ಸಬ್ ಇನ್‌ಸ್ಪೆಕ್ಟರ್. "ಮಂಗಳವಾರ ಮಧ್ಯಾಹ್ನ ನೀವು ಎಲ್ಲಿದ್ರಿ ಅಮ್ಮ?"

"ಶಾಲೆಗೆ ಯೂನಿಫಾರ್ಮ್ ಕೊಡೋಕೆ ಹೋಗಿದ್ದೆ. ಪ್ರತಿ ಮಂಗಳವಾರ ಹೋಗ್ತೀನಿ. ತಪಾಸಣೆಗೆ ಮನೆಯವರು ಇರಬೇಕಾಗಿಲ್ಲ ಅಂತ ಕಚೇರಿ ಬೋರ್ಡಲ್ಲಿ ಹಾಕಿದ್ರಲ್ಲ. ದಿನ, ಗಳಿಗೆ ಎಲ್ಲ ಹಾಕಿದ್ರು."

ಅಂದರೆ ತಪಾಸಣೆಯ ಹೊತ್ತು ಇಡೀ ಊರಿಗೆ ಗೊತ್ತಿತ್ತು.

ಆತ ಸಾಲಿನುದ್ದಕ್ಕೂ ನಡೆದು ಒಂದೊಂದೇ ತಗಡು ನೋಡಿದ. ಕಚೇರಿಯವರು ಎಲ್ಲವನ್ನೂ ತುಕ್ಕು ಹಿಡಿದ ಮೊಳೆಯಲ್ಲಿ ಸೊಟ್ಟಪಟ್ಟ ಬಡಿದಿದ್ದರು. ಎರಡಕ್ಕೆ ಮಾತ್ರ ಮೊಳೆಯಿಲ್ಲ, ಹೊಸ ಹಿತ್ತಾಳೆ ಸ್ಕ್ರೂ. ಹದಿನಾಲ್ಕು ಮತ್ತು ಹದಿನೈದು.

"ಮೊಳೆ ಹೊಡೆದ್ರೆ ಸದ್ದಾಗುತ್ತೆ," ಎಂದ ಕಾನ್‌ಸ್ಟೇಬಲ್. "ಸ್ಕ್ರೂ ತಿರುಗಿಸಿದ್ರೆ ಯಾರಿಗೂ ಕೇಳಿಸಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿಸಿದಾನೆ ಸಾರ್. ಈ ಹದಿನೈದರ ಪಾಳುಗೋಡೆ ಯಾರದು ಗೊತ್ತಾ? ಸೈಟಪ್ಪನದು."

ಸೈಟಪ್ಪ ಎಂದರೆ ಊರಿನ ನಿವೇಶನದ ದಲ್ಲಾಳಿ. ದಿಬ್ಬದ ಮೇಲಿನ ಅರ್ಧ ಮನೆಗಳು ಅವನ ಕೈ ದಾಟಿ ಬಂದವು. ತನ್ನ ಜಾಗ ಉಳಿಸಿಕೊಳ್ಳಲು ಟೈಲರಮ್ಮನ ಜಾಗ ರಸ್ತೆಗೆ ತಳ್ಳಿರಬೇಕು. ಕಾನ್‌ಸ್ಟೇಬಲ್ ಆಗಲೇ ಬೇಡಿ ತಡಕಾಡುತ್ತಿದ್ದ.

* * *

ಸೈಟಪ್ಪನ ಆಫೀಸಿನಲ್ಲಿ ಗೋಡೆಗಿಂತ ನಕ್ಷೆಗಳೇ ಹೆಚ್ಚು.

"ನಾನಾ?" ಅವನು ಹಣೆ ಚಚ್ಚಿಕೊಂಡ. "ಸಾಹೇಬ್ರೆ, ಹದಿನೈದು ಪಾಳು ಅಂತ ತಪಾಸಣೇಲಿ ಬಂದು ರಸ್ತೆಗೆ ಹೋದರೆ ಬದಲಿಗೆ ಮುಖ್ಯರಸ್ತೇಲಿ ಮೂಲೆ ಸೈಟು ಕೊಡ್ತೀವಿ ಅಂತ ಕಚೇರಿ ಬರೆದು ಕೊಟ್ಟಿದೆ. ಇಲ್ನೋಡಿ. ಆ ಗೋಡೆ ಯಾವಾಗ ಬೀಳುತ್ತೋ ಅಂತ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ದೆ. ಈಗ ಹದಿನೈದರಲ್ಲಿ ಜನ ಇದಾರಂತೆ! ನನ್ನ ಬಾಯಿಗೇ ಮಣ್ಣು ಬಿತ್ತು."

ಪತ್ರ ನಿಜವಾದದ್ದೇ. ಕಾನ್‌ಸ್ಟೇಬಲ್‌ನ ಮುಖ ಹುಳ್ಳಗಾಯಿತು.

ಸಬ್ ಇನ್‌ಸ್ಪೆಕ್ಟರ್ ನಕ್ಷೆಯ ಮುಂದೆ ಬಹಳ ಹೊತ್ತು ನಿಂತ. ಇಷ್ಟು ಹೊತ್ತು ತಾನು ಪ್ರಶ್ನೆಯನ್ನೇ ತಿರುಗುಮುರುಗು ಕೇಳಿಕೊಂಡಿದ್ದೆ ಎನಿಸಿತು. ಹದಿನಾಲ್ಕು ಬೀಳುವುದು ಯಾರಿಗೂ ಬೇಕಿರಲಿಲ್ಲ. ಹದಿನೈದರ ಜಾಗದಲ್ಲಿ ರಸ್ತೆ ಬರದಿದ್ದರೆ ಯಾರಿಗೋ ಸಾಕಿತ್ತು. ಆ ರಸ್ತೆ ಹದಿನೈದನ್ನು ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆ? ಆತ ನಕ್ಷೆಯ ಮೇಲೆ ಬೆರಳೆಳೆದ. ಹದಿನಾಲ್ಕರ ಹಿಂದೆ ಖಾಲಿ ನೆಲ. ಹದಿನೈದರ ಹಿಂದೆ ಒಂದು ಚಿಕ್ಕ ಚೌಕ.

"ಇದೇನು?"

"ಬಡಗಿಯ ಶೆಡ್ಡು. ಕಚೇರಿ ಜಾಗದಲ್ಲಿ ಕಟ್ಟಿಕೊಂಡಿರೋದು. ರಸ್ತೆ ಬಂದರೆ ಅದು ಎದ್ದುಹೋಗುತ್ತೆ."

ಊಹೆಗೆ ಸಾಕ್ಷಿ ಬೇಕಲ್ಲ.

* * *

ಸಾಕ್ಷಿ ಸಿಕ್ಕಿದ್ದು ಅಂಚೆ ಕಚೇರಿಯಲ್ಲಿ. ಆತ ಹೋಗಿದ್ದು ಬೇರೆ ಸಾಕ್ಷಿ ಹುಡುಕಿ. ದಿನಾ ಮನೆಮನೆಗೆ ಕಾಗದ ಹಂಚುವ ಅಂಚೆಯಮ್ಮ ಮಂಗಳವಾರ ಏನಾದರೂ ಕಂಡಿರಬಹುದು ಎಂದು.

"ತಗಡು ಬದಲಾಗಿತ್ತಾ?" ಆಕೆ ಕಣ್ಣರಳಿಸಿದಳು. "ಮಂಗಳವಾರ ಅದೇ ಹೊತ್ತಿಗೆ ಹದಿಮೂರಕ್ಕೆ ಕಾಗದ ಕೊಟ್ಟು ಬಂದೆ ಸಾರ್. ನನಗೆ ಕಾಣಲೇ ಇಲ್ಲ. ಇಪ್ಪತ್ತಾರು ವರ್ಷದಿಂದ ಕಾಗದ ಹಂಚ್ತಿದೀನಿ, ಒಂದು ದಿನ ನಂಬರ್ ನೋಡಿದವಳಲ್ಲ. ಕೈಬರಹ ನೋಡಿದ್ರೆ ಯಾರ ಮನೆಗೆ ಅಂತ ಗೊತ್ತಾಗುತ್ತೆ. ಈ ಊರಲ್ಲಿ ನಂಬರ್ ಓದೋರು ನೀವೊಬ್ಬರೇ."

ತಮಾಷೆ ಆತನಿಗೆ ತಾಗಲಿಲ್ಲ. ಆಕೆಯ ನೆನಪಿನ ಶಕ್ತಿಗೆ ತಲೆದೂಗುತ್ತಿದ್ದ. ಅಷ್ಟರಲ್ಲಿ ಆಕೆಯ ಹಿಂದಿದ್ದ ಕಾಗದದ ಗೂಡುಗಳ ಮೇಲೆ ಕಣ್ಣು ಬಿತ್ತು. ಮರದ ಪುಟ್ಟ ಪುಟ್ಟ ಬಾಗಿಲುಗಳು. ಒಂದೊಂದಕ್ಕೂ ಹಿತ್ತಾಳೆಯ ಕೀಲು. ಕೀಲಿನಲ್ಲಿ ಸ್ಕ್ರೂ. ನೂರಕ್ಕೂ ಹೆಚ್ಚು ಸ್ಕ್ರೂಗಳಿದ್ದವು. ಅಷ್ಟರ ತಲೆಯ ಮೇಲಿನ ಸೀಳೂ ನೇರವಾಗಿ ನಿಂತಿತ್ತು. ಒಂದೂ ಅಡ್ಡವಿಲ್ಲ, ಒಂದೂ ಓರೆಯಿಲ್ಲ.

"ಇದನ್ನ ಮಾಡಿದ್ದು ಯಾರು?"

"ನಮ್ಮ ಬಡಗಿ, ಹಳೇ ಸಾಲಿನ ಹಿಂದೆ ಶೆಡ್ಡು ಇರೋನು. ಸೀಳು ಅಡ್ಡ ಇದ್ರೆ ಧೂಳು ಕೂರುತ್ತೆ, ನೆಟ್ಟಗಿದ್ರೆ ಇಳಿದುಹೋಗುತ್ತೆ ಅಂತಾನೆ. ಬೇರೆ ಇಬ್ಬರು ಬಡಗಿಗಳಿದಾರೆ, ಅವರು ಅಷ್ಟು ತಲೆ ಕೆಡಿಸಿಕೊಳ್ಳಲ್ಲ. ಇವನದು ಒಂಥರಾ ಹುಚ್ಚು."

ಸಬ್ ಇನ್‌ಸ್ಪೆಕ್ಟರ್ ಫೋನು ತೆಗೆದು ಅಧಿಕಾರಿಯ ಫೋಟೋವನ್ನು ದೊಡ್ಡದು ಮಾಡಿದ. ಪಾಳುಗೋಡೆಯ ಚೌಕಟ್ಟು. ಹದಿನಾಲ್ಕರ ತಗಡು. ಎರಡು ಸ್ಕ್ರೂ. ಎರಡರ ಸೀಳೂ ನೆಟ್ಟಗೆ.

* * *

ಬಡಗಿ ಕುರ್ಚಿಯ ಕಾಲೊಂದನ್ನು ಉಜ್ಜುತ್ತಿದ್ದ. ಶೆಡ್ಡಿನ ಗೋಡೆಯ ಮೇಲೆ ಉಳಿಗಳು ಅಳತೆ ಪ್ರಕಾರ ಸಾಲಾಗಿ ತೂಗುತ್ತಿದ್ದವು. ಸಬ್ ಇನ್‌ಸ್ಪೆಕ್ಟರ್, ಕಾನ್‌ಸ್ಟೇಬಲ್, ಅವರ ಹಿಂದೆ ಟೈಲರಮ್ಮ ಒಳಗೆ ಬಂದರು. ಆಕೆಯನ್ನು ಕಂಡೊಡನೆ ಅವನ ಕೈ ನಿಂತಿತು.

"ಮಂಗಳವಾರ ನೀವು ಬದಲಿಸಿದ ತಗಡು ಒಂದು ಗಂಟೆಯಷ್ಟೇ ಅಲ್ಲಿರಬೇಕಿತ್ತು," ಎಂದ ಸಬ್ ಇನ್‌ಸ್ಪೆಕ್ಟರ್. "ಹೇಗೆ ಹಾಕಿದ್ರೂ ನಡೀತಿತ್ತು. ಆದರೂ ಸೀಳು ನೆಟ್ಟಗೆ ನಿಲ್ಲಿಸಿದ್ರಿ. ವಾಪಸ್ ಹಾಕುವಾಗಲೂ ನಿಲ್ಲಿಸಿದ್ರಿ. ಸದ್ದಾಗಬಾರದು ಅಂತ ಮೊಳೆ ಬಿಟ್ಟು ಸ್ಕ್ರೂ ಹಾಕಿದ್ದು ಜಾಣತನ. ಹದಿನೈದರ ರಸ್ತೆ ಈ ಶೆಡ್ಡಿನ ಮೇಲೆ ಹಾಯುತ್ತೆ, ಹದಿನಾಲ್ಕರದು ಹಾಯಲ್ಲ. ಊರಿನವರು ಯಾರೂ ನಂಬರ್ ನೋಡಲ್ಲ, ಹೊರಗಿನ ಅಧಿಕಾರಿ ನಂಬರ್ ಬಿಟ್ಟು ಬೇರೇನೂ ನೋಡಲ್ಲ. ಇಷ್ಟನ್ನೂ ಲೆಕ್ಕ ಹಾಕಿದವರು ನಿಮ್ಮ ಕೈಯನ್ನ ಮಾತ್ರ ಮರೆತ್ರಿ. ಅದಕ್ಕೆ ಕೆಟ್ಟ ಕೆಲಸಾನೂ ಕೆಟ್ಟದಾಗಿ ಮಾಡೋಕೆ ಬರಲ್ಲ."

ಹೇಳುವಾಗ ಆತನ ದನಿಯಲ್ಲಿ ಮೆಚ್ಚುಗೆ ಇಣುಕಿತು. ಅದನ್ನು ಮುಚ್ಚಿಡಲು ಆತ ಕೆಮ್ಮಿದ.

ಬಡಗಿ ವಾದ ಮಾಡಲಿಲ್ಲ. "ಮೂವತ್ತು ವರ್ಷ ಇಲ್ಲೇ ಕೆಲಸ ಮಾಡಿದೀನಿ ಸಾರ್. ಈ ಬೆಂಚು ಬಿಟ್ಟು ಬೇರೆ ಕಡೆ ನನ್ನ ಕೈ ಓಡಲ್ಲ. ಕೆಡವೋಕೆ ಬಂದಾಗ ಹದಿನಾಲ್ಕರಲ್ಲಿ ಜನ ಇರೋದು ಕಾಣುತ್ತೆ, ಗೊಂದಲ ಆಗುತ್ತೆ, ರಸ್ತೇನೇ ಬೇರೆ ಕಡೆ ತಿರುಗಿಸ್ತಾರೆ ಅನ್ಕೊಂಡೆ. ತಂಗೀ, ನಿನಗೆ ನೋಟಿಸು ಬರುತ್ತೆ ಅಂತ ನನ್ನಾಣೆ ಗೊತ್ತಿರಲಿಲ್ಲ."

"ಬಂತಲ್ಲ," ಎಂದಳು ಟೈಲರಮ್ಮ. "ಬಂದ ದಿನ ನಾನು ಜಗಲಿ ಮೇಲೆ ಆ ಕಾಗದ ಹಿಡ್ಕೊಂಡು ಕೂತಿದ್ದೆ. ನೀನು ಹಾದುಹೋದೆ ಅಣ್ಣಾ. ನೋಡಿದೆ. ಹಾದುಹೋದೆ."

ಅವನು ತಲೆ ತಗ್ಗಿಸಿದ.

ತಪ್ಪೊಪ್ಪಿಗೆ ಅಲ್ಲೇ ಬರೆದದ್ದಾಯಿತು. ಸಬ್ ಇನ್‌ಸ್ಪೆಕ್ಟರ್ ಪಟ್ಟಣ ಕಚೇರಿಗೆ ಫೋನು ಮಾಡಿ, ನೋಟಿಸು ರದ್ದೆಂದು ಅವರ ಬಾಯಿಂದಲೇ ಟೈಲರಮ್ಮನಿಗೆ ಕೇಳಿಸಿದ. ರಸ್ತೆ ಹದಿನೈದರ ಮೇಲೇ ಬರುತ್ತದೆ, ಶೆಡ್ಡು ತಿಂಗಳೊಳಗೆ ತೆರವಾಗಬೇಕು ಎಂದೂ ಅವರು ಹೇಳಿದರು. ಅದೂ ಎಲ್ಲರಿಗೂ ಕೇಳಿಸಿತು.

"ಠಾಣೆಗೆ ನಡೀರಿ," ಎಂದ ಸಬ್ ಇನ್‌ಸ್ಪೆಕ್ಟರ್. ನಂತರ ಟೈಲರಮ್ಮನ ಕಡೆ ತಿರುಗಿ ತುಸು ತಗ್ಗಿದ ದನಿಯಲ್ಲಿ ಕೇಳಿದ: "ಅಮ್ಮ, ನೀವು ದೂರು ವಾಪಸ್ ತಗೊಳ್ಳೋ ಯೋಚನೆ ಏನಾದ್ರೂ..."

"ಇಲ್ಲ ಸಾರ್. ಕೇಸು ಇರಲಿ. ಮಾಡಿದ್ದು ಅನುಭವಿಸಲಿ."

ಆಕೆ ಕೊರಳಿನ ಟೇಪು ತೆಗೆದಳು. ಬಡಗಿಯ ಬೆಂಚಿನ ಉದ್ದ ಅಳೆದಳು. ಅಗಲ ಅಳೆದಳು. ಮನಸ್ಸಿನಲ್ಲೇ ಏನೋ ಕೂಡಿ ಕಳೆದಳು. ಬಡಗಿ ಏನೂ ತಿಳಿಯದೆ ಆಕೆಯನ್ನೇ ನೋಡುತ್ತ ನಿಂತ.

"ನನ್ನ ಜಗಲಿಯ ಎಡಗಡೆ ಹಿಡಿಸುತ್ತೆ," ಎಂದಳು ಟೈಲರಮ್ಮ. "ಜಾಮೀನು ಸಿಕ್ಕಿದ ಮೇಲೆ ತಂದು ಹಾಕ್ಕೋ. ಮರದ ಹೊಟ್ಟು ಮಾತ್ರ ನನ್ನ ಬಟ್ಟೆ ಮೇಲೆ ಬೀಳಕೂಡದು."