ಸಾರು ಬೇಯುವಷ್ಟು ಕತೆ

ಕಾಗೆ ಇನ್ನೂ ಬೆಳ್ಳಗಿದ್ದ ಕಾಲವಂತೆ. ಬೆಟ್ಟದ ಬುಡದಲ್ಲಿ ಒಬ್ಬಳು ಮುದುಕಿ. ಒಂದು ದಿನ ಅವಳ ಮನೆಯ ಒಲೆ ಆರಿಹೋಯಿತು. ಬೆಟ್ಟದಾಚೆ ಹೋಗಿ ಒಂದೇ ಒಂದು ಕೆಂಡ ಬೇಡಿ, ಮಡಕೆಯಲ್ಲಿಟ್ಟುಕೊಂಡು ಮನೆಯ ಕಡೆ ಹೊರಟಳು. ದಾರಿಯಲ್ಲಿ ಮೊಲ ಸಿಕ್ಕಿತು.

“ಅಜ್ಜೀ ಅಜ್ಜೀ, ಚಳಿ! ಒಂಚೂರು ಕಾಯಿಸ್ಕೊಳ್ಲಾ?”

“ಕಾಯಿಸ್ಕೋ. ಹೋಗುವಾಗ ಕೆಂಡಕ್ಕೆ ಒಂದ್ಸಲ ಊದಿ ಹೋಗು.”

ಮೊಲ ಊದಿತು. ಆಮೇಲೆ ನರಿ ಬಂದು ಊದಿತು. ಕರಡಿ ಬಂದು ಊದಿತು. ಕೆಂಡ ಆರಲಿಲ್ಲ. ಮುದುಕಿ ಮನೆ ಮುಟ್ಟಿದಳು.

“ಕತೆ ಮುಗೀತು,” ಎಂದು ಗುಬ್ಬಿ ಒಲೆಯ ಮೇಲಿದ್ದ ಪಾತ್ರೆಗೆ ಹೇಳಿ, ಗ್ಯಾಸ್ ಆರಿಸಿದಳು.

ಐದನೇ ಕ್ಲಾಸಿನ ಹುಡುಗಿ. ಸಣ್ಣಗಿದ್ದಾಳೆಂದು ಮನೆಯವರೆಲ್ಲ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಅವಳು ಒಂದು ತುಂಡು ಮಾಂಸ ತೆಗೆದು, ಊದಿ ಬಾಯಿಗೆ ಹಾಕಿಕೊಂಡಳು. ಅಗಿದಳು. ಎಷ್ಟು ಅಗಿದರೂ ತುಂಡು ಹಾಗೇ ಇತ್ತು.

ಅಣ್ಣ ಇಣುಕಿದ. ತಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡ. “ಏನೇ ಇದು, ಚಪ್ಪಲಿ ಸಾರಾ?”

ಗುಬ್ಬಿ ತಿರುಗಿ ಬೈಯಲಿಲ್ಲ. ಮುಖ ಆಚೆ ತಿರುಗಿಸಿಕೊಂಡು ಪಾತ್ರೆಗೆ ಮುಚ್ಚಳ ಮುಚ್ಚಿದಳು. ಅಣ್ಣ ಮೆಲ್ಲಗೆ ಜಾಗ ಖಾಲಿ ಮಾಡಿದ.

ಆಸ್ಪತ್ರೆಯಲ್ಲಿ ಅಜ್ಜಿ ಅವಳ ಕೈ ಹಿಡಿದುಕೊಂಡು ಹೇಳಿದ್ದಳು. “ನಾನು ಬರೋದು ತಡ ಆದ್ರೆ ಭಾನುವಾರದ ಮಾಂಸದ ಸಾರು ನೀನೇ ಮಾಡು. ಎಲ್ರನ್ನೂ ಒಟ್ಟಿಗೆ ಕೂರಿಸಿ ಬಡಿಸು. ಮಾತು ಕೊಡು.”

“ಕೊಟ್ಟೆ ಅಜ್ಜಿ.”

ಅಜ್ಜಿ ಮನೆಗೆ ಬರಲೇ ಇಲ್ಲ. ಆಮೇಲೆ ಭಾನುವಾರದ ಸಾರೂ ನಿಂತಿತು. ಅಪ್ಪ ಟಿ.ವಿ. ಮುಂದೆ ಉಣ್ಣುತ್ತಿದ್ದ. ಅಣ್ಣ ಮೊಬೈಲ್ ನೋಡುತ್ತಾ ಉಣ್ಣುತ್ತಿದ್ದ. ಬೇಕರಿ ಕೆಲಸದಿಂದ ಬಂದ ಅಮ್ಮ ಅಡುಗೆಮನೆಯಲ್ಲಿ ನಿಂತೇ ಎರಡು ತುತ್ತು ತಿನ್ನುತ್ತಿದ್ದಳು. ಅಜ್ಜನ ತಟ್ಟೆ ಮುಂದಿನ ಕೋಣೆಯಲ್ಲಿ, ರಿಪೇರಿಗೆ ಬಂದ ಗಡಿಯಾರಗಳ ನಡುವೆ, ಅರ್ಧ ಹಾಗೇ ಉಳಿಯುತ್ತಿತ್ತು.

ಮನೆ ತುಂಬ ಗಡಿಯಾರವಿದ್ದರೂ ಅಜ್ಜಿ ಅಡುಗೆಗೆ ಒಂದನ್ನೂ ನೋಡಿದವಳಲ್ಲ. ಕುಕ್ಕರನ್ನೂ ಮುಟ್ಟಿದವಳಲ್ಲ. “ಅದಕ್ಕೆ ಶಿಳ್ಳೆ ಹೊಡೆಯೋದಷ್ಟೇ ಗೊತ್ತು, ಕತೆ ಕೇಳೋಕೆ ಬರಲ್ಲ,” ಎನ್ನುತ್ತಿದ್ದಳು. ಮಸಾಲೆ ಹುರಿದು, ಮಾಂಸ ಹಾಕಿ, ನೀರು ಸುರಿದು, ಮುಚ್ಚಳ ಮುಚ್ಚಿ ಮುದುಕಿಯ ಕತೆ ಶುರು ಮಾಡುತ್ತಿದ್ದಳು. ಕತೆ ಮುಗಿದಾಗ ಸಾರು ಆಗಿರುತ್ತಿತ್ತು.

ಇವತ್ತು ಅಪ್ಪ ಮಾಂಸ ತಂದು, ಮಸಾಲೆ ರುಬ್ಬಿಕೊಟ್ಟಿದ್ದ. ಮಿಕ್ಕಿದ್ದೆಲ್ಲ ಗುಬ್ಬಿಯದೇ. ಅದೇ ಕತೆ, ಅದೇ ಪಾತ್ರೆ. ಮತ್ತೆ ಯಾಕೆ ಬೇಯಲಿಲ್ಲ?

ಅವಳು ಮುಂದಿನ ಕೋಣೆಗೆ ಹೋದಳು. ಅಜ್ಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಸಣ್ಣ ಚಕ್ರವನ್ನು ನೋಡುತ್ತಿದ್ದ.

“ಅಜ್ಜಾ, ಕತೇಲಿ ಏನೋ ಬಿಟ್ಟುಬಿಟ್ಟೆ. ಮೊಲ, ನರಿ, ಕರಡಿ ಬಂದ್ವು. ಇನ್ನೂ ಯಾರು ಬರ್ಬೇಕಿತ್ತು?”

ಅಜ್ಜ ಆ ಚಕ್ರವನ್ನು ಮೆಲ್ಲಗೆ ಕೆಳಗಿಟ್ಟ.

“ಮಾಂಸ ಎಳೇದಾ, ಬಲಿತದ್ದಾ?” ಎಂದ.

“ಗೊತ್ತಿಲ್ಲ. ಚಪ್ಪಲಿ ಥರ ಇದೆ.”

“ಹಾಗಾದ್ರೆ ಬಲಿತದ್ದು. ಎಳೇ ಕುರಿ ಆದ್ರೆ ಕರಡಿಗೇ ಕತೆ ಮುಗೀತಿತ್ತು. ಬಲಿತದ್ದಾದ್ರೆ ನಿಮ್ಮಜ್ಜಿ ಆನೆ, ಒಂಟೆ, ಪೊಲೀಸು, ಎಲ್ರನ್ನೂ ಕರ್ಕೊಂಡು ಬರ್ತಿದ್ಲು. ಮಧ್ಯ ಮಧ್ಯ ಒಂದು ತುಂಡು ಒತ್ತಿ ನೋಡ್ತಿದ್ಲು.” ಅಜ್ಜನ ಮೀಸೆ ಸ್ವಲ್ಪ ಅಲುಗಿತು. “ಹೂಂಗುಟ್ಟಿದ್ದು ಯಾರು?”

“ಯಾರೂ ಇರ್ಲಿಲ್ಲ. ನಾನೊಬ್ಳೇ.”

“ಅದಕ್ಕೇ ಕತೆ ಇಷ್ಟು ಬೇಗ ಓಡಿಹೋಗಿದೆ.”

ಅಜ್ಜ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. ಮಂಡಿ ಹಿಡಿದುಕೊಂಡು ಎದ್ದ. ಅಡುಗೆಮನೆಗೆ ಬಂದು, ಅಜ್ಜಿ ಕೂರುತ್ತಿದ್ದ ಮಣೆಯನ್ನು ಒಂದು ಗಳಿಗೆ ನೋಡಿ, ಅದರ ಪಕ್ಕ ನೆಲದ ಮೇಲೆ ಕೂತ.

“ತಣ್ಣೀರು ಹಾಕ್ಬೇಡ, ಮಾಂಸ ಮುನಿಸ್ಕೊಳ್ಳುತ್ತೆ. ಬಿಸಿನೀರು ಹಾಕು. ಸಣ್ಣ ಉರಿ. ಹೂಂ, ಆಮೇಲೆ?”

ಗುಬ್ಬಿ ಬಿಸಿನೀರು ಸುರಿದು, ಮತ್ತೆ ಗ್ಯಾಸ್ ಹಚ್ಚಿದಳು. “ಆಮೇಲೆ ಆನೆ ಬಂತು.”

“ಹೂಂ.”

ಆ “ಹೂಂ” ಕೇಳಿ ಅಪ್ಪ ಟಿ.ವಿ. ಆರಿಸಿದ. ಬಾಗಿಲಿಗೆ ಒರಗಿ ನಿಂತವನು ಆಮೇಲೆ ಕೂತೇಬಿಟ್ಟ. “ಒಂಟೆ ಬಂತು ಅನ್ನು, ಗುಬ್ಬಿ. ನಾನು ಚಿಕ್ಕವನಿದ್ದಾಗ ಒಂಟೆ ತಪ್ಪದೆ ಬರ್ತಿತ್ತು.”

ಒಂಟೆ ಬಂದು ಊದಿತು.

“ಡೈನೋಸಾರ್ ಬಂತು!” ಎಂದು ಅಣ್ಣನೂ ಬಂದ.

“ಅದು ಊದಿದ್ರೆ ಕೆಂಡದ ಜೊತೆ ಮುದುಕೀನೂ ಹಾರಿಹೋಗ್ತಾಳೆ ಕಣೋ,” ಎಂದ ಅಪ್ಪ.

“ಮೆತ್ತಗೆ ಊದುತ್ತೆ. ಪಾಪದ ಡೈನೋಸಾರ್ ಅದು.”

ಡೈನೋಸಾರ್ ಮೆತ್ತಗೆ ಊದಿತು. ಪಾತ್ರೆ ಗೊಳಗೊಳ ಎನ್ನುವುದನ್ನು ಬಿಟ್ಟು ಲೊಟಲೊಟ ಎನ್ನತೊಡಗಿತು. ಕಿಟಕಿಯ ಗಾಜಿಗೆ ಹಬೆ ಕಟ್ಟಿತು. ಗುಬ್ಬಿ ಮುಚ್ಚಳ ತೆಗೆದು ಸೌಟಿನ ತುದಿಯಿಂದ ಒಂದು ತುಂಡನ್ನು ಒತ್ತಿದಳು. ಅದು ಬೆಣ್ಣೆಯಂತೆ ಬಿಟ್ಟುಕೊಂಡಿತು.

“ಬೆಂತಾ?” ಅಣ್ಣ ತಟ್ಟೆ ಹಿಡಿದು ಎದ್ದೇಬಿಟ್ಟ. “ಬೇಗ ಮುಗ್ಸೇ, ಹೊಟ್ಟೆ ತಾಳ ಹಾಕ್ತಿದೆ.”

ಗುಬ್ಬಿ ಸೌಟು ಹಿಡಿದು ನಿಂತಳು. ಅಮ್ಮ ಇನ್ನೂ ಬಂದಿರಲಿಲ್ಲ.

ಕೆಲವು ಭಾನುವಾರ ಹೀಗೇ ಆಗುತ್ತಿತ್ತು. ಸಾರು ಘಮ್ಮೆನ್ನುತ್ತಿದ್ದರೂ ಅಜ್ಜಿಯ ಕತೆ ಮುಗಿಯುತ್ತಿರಲಿಲ್ಲ. “ಬೇಗ ಹೇಳಜ್ಜೀ, ಹಸಿವು!” ಎಂದು ಗುಬ್ಬಿಯೇ ಸೆರಗು ಜಗ್ಗುತ್ತಿದ್ದಳು. ಅಜ್ಜಿ ಬಾಗಿಲ ಕಡೆ ಒಮ್ಮೆ ನೋಡಿ, ಇನ್ನೊಂದು ಪ್ರಾಣಿಯನ್ನು ಕರೆಯುತ್ತಿದ್ದಳು.

ಗುಬ್ಬಿಯೂ ಬಾಗಿಲ ಕಡೆ ನೋಡಿದಳು. ಉರಿ ಇನ್ನಷ್ಟು ಸಣ್ಣ ಮಾಡಿ, ಮುಚ್ಚಳ ಮುಚ್ಚಿದಳು.

“ಆಮೇಲೆ,” ಎಂದಳು ನಿಧಾನವಾಗಿ, “ಒಂದು ಬಸವನಹುಳು ಬಂತು.”

“ಬಸವನಹುಳುವಾ! ಅದು ಬಂದು ಸೇರೋ ಹೊತ್ತಿಗೆ ನನಗೆ ಮೀಸೆ ಬಂದಿರುತ್ತೆ!”

ಅಜ್ಜ ಮೊಮ್ಮಗಳ ಮುಖವನ್ನೇ ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು. “ಹೂಂ,” ಎಂದ ಮೆಲ್ಲಗೆ.

ಬಸವನಹುಳು ಬಂತು, ಬಂತು, ಬರುತ್ತಲೇ ಇತ್ತು. ಕೊನೆಗೆ ಗೇಟು ಕಿರ್ ಎಂದಿತು. ಬ್ರೆಡ್ಡಿನ ವಾಸನೆಯೊಂದಿಗೆ ಅಮ್ಮ ಒಳಗೆ ಬಂದವಳು, ಅಡುಗೆಮನೆಯ ನೆಲದ ಮೇಲೆ ಕೂತ ಎಲ್ಲರನ್ನೂ ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು.

“ಬಸವನಹುಳು ಊದಿತು. ಮುದುಕಿ ಮನೆ ಮುಟ್ಟಿದಳು,” ಎಂದಳು ಗುಬ್ಬಿ. “ಏಳಿ, ಕೈ ತೊಳ್ಕೊಂಡು ಬನ್ನಿ.”

ಥೇಟ್ ಅಜ್ಜಿಯ ಮಾತು. ಯಾರೂ ನಗಲಿಲ್ಲ. ಎಲ್ಲರೂ ಎದ್ದು ಕೈ ತೊಳೆದು ಬಂದರು.

ಗುಬ್ಬಿ ಮೊದಲು ಅಜ್ಜನಿಗೆ ಬಡಿಸಿದಳು. ಆಮೇಲೆ ಅಮ್ಮನಿಗೆ, ಅಪ್ಪನಿಗೆ, ಅಣ್ಣನಿಗೆ. ಕೊನೆಗೆ ತನ್ನ ತಟ್ಟೆ ತಂದುಕೊಂಡು, ಅಜ್ಜನಿಗೂ ಅಮ್ಮನಿಗೂ ನಡುವೆ ಜಾಗ ಮಾಡಿಕೊಂಡು ಕೂತಳು.