ತಾಟಿನ ಮೇಲಿನ ಕೈ

ಸುಡುಸುಡು ರೊಟ್ಟಿ ತಾಟಿಗೆ ಬೀಳಲಿಲ್ಲ. ನೇರವಾಗಿ ಶ್ರೀಶೈಲನ ಕೈಮೇಲೆ ಬಿತ್ತು.

“ಅಯ್ಯ ಶಿವನ! ಕೈ ಯಾಕ ಅಡ್ಡ ಹಿಡದ್ರಿ?” ಶೋಭಾ ಗಾಬರಿಯಾಗಿ ಬಾಗಿದಳು.

“ಸಾಕಾತ್ರಿ,” ಎಂದ ಅವನು, ಬೆರಳಿಗೆ ಉಫ್ ಉಫ್ ಎಂದು ಊದಿಕೊಳ್ಳುತ್ತ.

“ಏನ್ ಸಾಕಾತು? ಇನ್ನೂ ಎರಡ ಆಗ್ಯಾವ!”

ತಪ್ಪು ಅವಳದಲ್ಲ ಬಿಡಿ. ಹುಕ್ಕೇರಿ ಬಸ್‌ಸ್ಟ್ಯಾಂಡಿನ ಬಾಜೂ ಇರುವ ಅವರ ಖಾನಾವಳಿಯಲ್ಲಿ ಬಾಯಿಂದ ‘ಸಾಕು’ ಅಂದರೆ ಯಾರೂ ನಂಬುವುದಿಲ್ಲ. ಸಾಕು ಅಂದಮೇಲೂ ಒಂದು ರೊಟ್ಟಿ ಬೀಳಲೇಬೇಕು. ಬೇಡವೇ ಬೇಡ ಅನ್ನುವವರು ತಾಟಿನ ಮೇಲೆ ಅಂಗೈ ಹರವಬೇಕು. ಒಳಗೆ ಅವ್ವ ಯಮನವ್ವ ರೊಟ್ಟಿ ಬಡಿಯುತ್ತಾಳೆ, ಹೊರಗೆ ಶೋಭಾ ನೀಡುತ್ತಾಳೆ. ಮೂಡಲಗಿ ಗಾಡಿಯ ಕಂಡಕ್ಟರ್ ಶ್ರೀಶೈಲ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈ ಅಡ್ಡ ಹಿಡಿದವನಲ್ಲ. ರೊಟ್ಟಿಯ ಮೇಲೆ ರೊಟ್ಟಿ, ಆಮೇಲೆ ಅನ್ನ, ಇನ್ನೊಮ್ಮೆ ಅನ್ನ, ಕೊನೆಗೆ ಸಕ್ಕರೆ ಹಾಕಿದ ಮೊಸರು! ಅವನು ಉಣ್ಣುವುದನ್ನು ನೋಡಿದರೆ ನೀಡುವವರ ಹೊಟ್ಟೆ ತುಂಬುತ್ತಿತ್ತು. ಹೀಗಿದ್ದಮೇಲೆ ಅವಳ ಕೈಗೆ ನಿಲ್ಲುವುದಾದರೂ ಹೇಗೆ ಗೊತ್ತಿರಬೇಕು?

ಇನ್ನೊಂದು ಮಾತು. ಊಟಕ್ಕೆ ಬರುವವರಿಗೆಲ್ಲ ಅವಳು ‘ಶೋಭಕ್ಕ’. ಮುದುಕರೂ ಅಕ್ಕ ಅನ್ನುವವರೇ. ಇವನೊಬ್ಬ ಮಾತ್ರ ‘ಶೋಭಾ ಅವ್ರ’ ಅನ್ನುತ್ತಿದ್ದ. ಆ ಒಂದು ವ್ಯತ್ಯಾಸದ ಮೇಲೆ ಅವಳ ಮನಸ್ಸು ಯಾವಾಗಲೋ ಮನೆ ಕಟ್ಟಿ, ಬಣ್ಣ ಹಚ್ಚಿ, ಬಾಗಿಲಿಗೆ ತೋರಣವನ್ನೂ ಕಟ್ಟಿಬಿಟ್ಟಿತ್ತು.

ಅಂದು ಶುರುವಾದದ್ದು ಅಲ್ಲಿಗೆ ನಿಲ್ಲಲಿಲ್ಲ. ಕುಳಿತ ಕೂಡಲೇ ಅವನಿಗೆ ಮೊದಲು ಸೌತೆಕಾಯಿ, ಹಸಿ ಮೆಂತ್ಯದ ತಪ್ಪಲು ಬೇಕು. ಪಲ್ಯ ಎರಡು ಸಲ, ರೊಟ್ಟಿ ಎರಡೇ. ಅನ್ನ ಒಂದು ಸೌಟು. ಮೊಸರು ಹೋಗಿ ಮಜ್ಜಿಗೆ ಬಂತು, ಚಹಾದ ಸಕ್ಕರೆ ಹೋಯಿತು. ಗಬಗಬ ಉಣ್ಣುತ್ತಿದ್ದವನು ಒಂದೊಂದು ತುತ್ತನ್ನೂ ನಿಧಾನ ಅಗಿಯತೊಡಗಿದ. ಉಂಡಮೇಲೆ ಬಸ್ಸಿನ ಸೀಟಿನಲ್ಲಿ ಗೊರಕೆ ಹೊಡೆಯುವ ಬದಲು ಸ್ಟ್ಯಾಂಡಿನ ಸುತ್ತ ತಿರುಗತೊಡಗಿದ.

ಶೋಭಾ ಕಿಟಕಿಯಿಂದ ನೋಡುತ್ತಿದ್ದಳು. ತಿಂಗಳೆರಡು ಕಳೆಯುವಷ್ಟರಲ್ಲಿ ಅವನ ಖಾಕಿ ಅಂಗಿ ಸಡಿಲವಾಗಿತ್ತು. ಕೆನ್ನೆಯ ಒಳಗೆ ಅಡಗಿದ್ದ ಗುಳಿ ಈಗ ಎದ್ದು ಕಾಣುತ್ತಿತ್ತು. ಸಿಟ್ಟು ಬಂದಷ್ಟೂ ಆ ಗುಳಿಯನ್ನೇ ನೋಡಬೇಕು ಅನ್ನಿಸುತ್ತಿತ್ತು, ಹಾಳಾದ್ದು! ಒಮ್ಮೆ ಅವನು ತಟ್ಟನೆ ತಲೆಯೆತ್ತಿ ಅವಳ ನೋಟವನ್ನು ಹಿಡಿದುಬಿಟ್ಟ. ಅವಳು ಕಿಟಕಿಯ ಸರಳನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದಳು.

“ಅವ್ವಾ, ನನ್ನ ಕೈರುಚಿ ಕೆಟ್ಟೈತೇನ?”

“ಉಳದವ್ರೆಲ್ಲಾ ಬೆರಳ ಚೀಪಾಕತ್ತಾರಲ್ಲ. ನಿನಗ ಅಂವಾ ಒಬ್ಬನ ಕಾಣ್ತಾನೇನ?” ಎಂದಳು ಯಮನವ್ವ, ಹಂಚಿನಿಂದ ಕಣ್ಣೆತ್ತದೆ.

ಕಡೆಗೆ ಗುಟ್ಟು ಬಿಟ್ಟವನು ಅದೇ ಗಾಡಿಯ ಡ್ರೈವರ್ ವೀರಪ್ಪ. “ನಮ್ಮ ಕಂಡಕ್ಟರಗ ಮದುವಿ ಹುಚ್ಚ ಹಿಡದೈತ್ರಿ ಶೋಭಕ್ಕಾ! ಬೆಲ್ಟಿಗೆ ಹೊಸಾ ತೂತ ಹಾಕಿಸ್ಯಾನ. ಮನಸಿನ್ಯಾಗ ಯಾರೋ ಅದಾರ, ಹೆಸರ ಮಾತ್ರ ಹೇಳವಲ್ಲ.”

ಶೋಭಾ ಲೆಕ್ಕ ಕೂಡಿಸಿದಳು. ಯಾವುದೋ ಹುಡುಗಿಗಾಗಿ ತೆಳ್ಳಗಾಗುತ್ತಿದ್ದಾನೆ! ಅದಕ್ಕೇ ತನ್ನ ರೊಟ್ಟಿ ಬೇಡವಾಗಿದೆ!

ಮರುದಿನ ಅವಳು ಹಟಕ್ಕೆ ಬಿದ್ದು ಹೂರಣದ ಹೋಳಿಗೆ ಮಾಡಿದಳು. ಹೋಳಿಗೆ ಅಂದರೆ ಅವನಿಗೆ ಪಂಚಪ್ರಾಣ. ತುಪ್ಪ ಸುರಿದು ತಂದಳು. ಅವನು ಒಂದು ಹೋಳಿಗೆಯಲ್ಲಿ ಅರ್ಧ ಮುರಿದುಕೊಂಡು, ತಾಟಿನ ಮೇಲೆ ಅದೇ ಅಂಗೈ ಹರವಿದ.

“ಇಷ್ಟ ಸಾಕ್ರಿ, ಶೋಭಾ ಅವ್ರ.”

“ಉಣ್ಣಾಕ ಮನಸ ಇಲ್ಲಂದ್ರ ಖಾನಾವಳಿಗ್ಯಾಕ ಬರ್ತೀರಿ?” ಅವಳ ದನಿ ತಾನೇ ಏರಿತು. “ನೀವು ನೋಡಿದ ಕನ್ಯಾದ ಮನ್ಯಾಗ ಹೋಗಿ ಉಣ್ರಿ!”

ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು. ಶ್ರೀಶೈಲನ ಮುಖ ಕೆಂಪಾಯಿತು. ಆದರೂ ತಾಟಿನಲ್ಲಿ ಒಂದು ಅಗುಳೂ ಬಿಡದೆ ಉಂಡು, ಕೈ ತೊಳೆದು, ಹೊರಟುಹೋದ.

ಮರುದಿನ ವೀರಪ್ಪ ಒಬ್ಬನೇ ಬಂದ. “ಅಂವಾ ರಜಾ ಹಾಕಿ ಗೋಕಾಕಕ್ಕ ಹೋಗ್ಯಾನ್ರಿ.”

ಗೋಕಾಕ! ಹಾಗಾದರೆ ಕನ್ಯೆ ಗೋಕಾಕದವಳು. ಅವತ್ತು ಶೋಭಾ ನೀಡಿದ ಸಾರಿನಲ್ಲಿ ಉಪ್ಪಿರಲಿಲ್ಲ. ಪಾಪ, ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಊಟದವರೆಲ್ಲ ಹೋಗಿದ್ದರು. ಅವಳು ಕಟ್ಟೆಗೆ ಒರಗಿ, ನಿಂತುಕೊಂಡೇ ಚುರುಮುರಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಆ ಗುಳಿ.

“ಕನ್ಯಾ ನೋಡಿ ಬಂದ್ರೇನ್ರಿ?” ಎಂದಳು, ಚುರುಮುರಿಯಲ್ಲಿ ಕಣ್ಣಿಟ್ಟು.

“ರಕ್ತಾ ತೋರಿಸಿ ಬಂದೇನ್ರಿ.”

ಚುರುಮುರಿ ನೆಲಕ್ಕೆ ಚೆಲ್ಲಿತು. “ಏನಾಗೇತ್ರಿ ನಿಮಗ?”

“ಈಗೇನೂ ಇಲ್ರಿ. ದೀಪಾವಳಿ ಮುಂದ ಡಾಕ್ಟರು, ಶುಗರ್ ಬರಾಕ ಹೊಸ್ತಿಲ ಮ್ಯಾಗ ನಿಂತೈತಿ, ತೂಕಾ ಇಳಸು ಅಂದಿದ್ರು. ಉಪಾಸ ಬ್ಯಾಡ, ದಿನಾ ಉಣ್ಣೂದ್ರಾಗನ ಸಣ್ಣ ಸಣ್ಣ ಬದಲ ಮಾಡ್ಕೊ ಅಂದ್ರು. ಇವತ್ತ ನೋಡಿದ್ರ, ಹೊಸ್ತಿಲದಿಂದ ಹಿಂದ ಸರದೈತಂತ.”

“ನನಗ್ಯಾಕ ಹೇಳಲಿಲ್ಲ?”

“ಹೆಂಗ ಹೇಳ್ಲಿ? ನನ್ನ ಅಡಗಿಯಿಂದನ ಹಿಂಗಾತು ಅಂತ ನೀವು ಕೊರಗಿದ್ರ? ಅಡಗೀದೇನೂ ತಪ್ಪಿಲ್ರಿ.” ಅವನು ತಲೆ ಕೆರೆದುಕೊಂಡ. “ತಾಟ ಖಾಲಿ ಆದ್ರ ನೀವು ಇನ್ನೊಮ್ಮಿ ನೀಡಾಕ ಬರ್ತಿದ್ರಿ. ಬರ್ಲಿ ಅಂತ ನಾ ಉಣ್ಣತಿದ್ದೆ.”

ಶೋಭಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎದೆಯಂತೂ ಒಳಗೆ ಅವ್ವ ರೊಟ್ಟಿ ಬಡಿದ ಹಾಗೆ ಬಡಿದುಕೊಳ್ಳುತ್ತಿತ್ತು.

“ನಮ್ಮಪ್ಪಗ ಶುಗರ್ ಇತ್ರಿ,” ಅವನು ದನಿ ತಗ್ಗಿಸಿದ. “ನಮ್ಮವ್ವನ ಅರ್ಧಾ ಆಯುಷ್ಯ ಅವನ ಕಾಲಿನ ಗಾಯಾ ತೊಳಿಯೂದ್ರಾಗ ಹೋತು. ನನ್ನ ಕೈ ಹಿಡದಾಕಿಗೆ ಆ ಗತಿ ಬರಬಾರ್ದು. ಅದಕ್ಕ, ಮದುವಿ ಮಾತ ಕೇಳೂಕಿಂತ ಮೊದಲ ನಾ ನೆಟ್ಟಗ ಆಗಬೇಕು ಅನ್ಕೊಂಡೆ.”

“ಯಾರನ್ನ ಕೇಳೂಕಿಂತ ಮೊದಲ?”

“ಅವರನ್ನರಿ. ನಿನ್ನೆ ನನಗ ಎಲ್ಲಾರ ಮುಂದ ಬೈದ್ರಲ್ಲಾ, ಅವರ್ನ.”

ಶೋಭಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಏನಾದರೂ ಹೇಳಬೇಕಲ್ಲ!

ಅವನ ಕಣ್ಣು ನೆಲದ ಚುರುಮುರಿಯ ಮೇಲೆ ಬಿತ್ತು. “ಇದ ಊಟಾ ಏನ್ರಿ ನಿಮ್ದು? ಊರಿಗೆಲ್ಲಾ ಹೊತ್ತಿಗೆ ಸರಿಯಾಗಿ ನೀಡ್ತೀರಿ, ನೀವು ದಿನಾ ಹಿಂಗ ನಿಂತ ಮುಕ್ಕತೀರಿ. ನಾ ಎಲ್ಲಾ ನೋಡೇನಿ. ನೀವು ಹೂಂ ಅನ್ನೂದಾದ್ರ ನಂದೂ ಒಂದ ಕರಾರ ಐತಿ. ನನ್ನ ಜೋಡಿ ಕುಂತ ಉಣಬೇಕು.”

ಅವಳು ಒಳಗೆ ಹೋಗಿ ಎರಡು ತಾಟು ತಂದಳು. ಸೌತೆಕಾಯಿ, ಮೆಂತ್ಯ, ಪಲ್ಯ, ಎರಡೆರಡು ರೊಟ್ಟಿ. ಅವನ ಎದುರಿಗೆ, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಮೊಟ್ಟಮೊದಲ ಸಲ ಕೂತಳು. ಇಬ್ಬರೂ ನಿಧಾನ ಅಗಿದರು. ಕಣ್ಣು ಕೂಡಿದಾಗಲೆಲ್ಲ ಪಲ್ಯದ ಕಡೆ ನೋಡಿದರು.

ಮಾತು ಕೇಳಿಸಿಕೊಂಡಿದ್ದಳೋ ಏನೋ, ಯಮನವ್ವ ಬಿಸಿ ರೊಟ್ಟಿ ಹಿಡಿದು ಹೊರಗೆ ಬಂದಳು. “ಸಾಕಂದ್ರೂ ಒಂದ ಹಾಕ್ಕೋಬೇಕಪಾ ಕಂಡಕ್ಟರಾ,” ಎಂದು ಅವನ ತಾಟಿನ ಮೇಲೆ ಕೈಯೆತ್ತಿದಳು.

ಅವನ ಕೈ ಏಳುವ ಮೊದಲೇ ಇನ್ನೊಂದು ಅಂಗೈ ತಾಟಿನ ಮೇಲೆ ಹರವಿಕೊಂಡಿತು. ಬಳೆ ತೊಟ್ಟ ಕೈ.

“ಸಾಕವ್ವಾ,” ಎಂದಳು ಶೋಭಾ. “ನಮ್ಮ ಮನಿಯವ್ರಿಗೆ ಎರಡ ಸಾಕು.”

ಅಂದ ಮೇಲೆಯೇ ಅವಳಿಗೆ ತಾನು ಏನು ಅಂದೆ ಎಂದು ಗೊತ್ತಾಯಿತು. ಕಿವಿಯತನಕ ಕೆಂಪಾದಳು. ಆದರೆ ಕೈ ತೆಗೆಯಲಿಲ್ಲ. ಶ್ರೀಶೈಲ ತುತ್ತು ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟು ಅವಳನ್ನೇ ನೋಡುತ್ತಿದ್ದ.

ಯಮನವ್ವ ಮಗಳ ಕೈ ನೋಡಿದಳು, ಮುಖ ನೋಡಿದಳು. ಎತ್ತಿದ ರೊಟ್ಟಿಯನ್ನು ಮೆಲ್ಲಗೆ ಬುಟ್ಟಿಗೆ ಹಾಕಿದಳು.

“ನಾಳಿಗೆ ನಿಮ್ಮವ್ವನ ಕರ್ಕೊಂಡ ಬಾರಪಾ,” ಎಂದಳು.