ಮೂಲೆಯಿಲ್ಲದ ತೊಟ್ಟಿ

"ಇದಕ್ಕೆ ಮೂಲೆಯೇ ಇಲ್ಲವಲ್ಲ ಮಾರಾಯ್ತಿ!" ಎಂದು ವಿಷ್ಣುಪ್ರಸಾದ್ ದುಂಡನೆಯ ಗಾಜಿನ ತೊಟ್ಟಿಯ ಮೇಲೆ ಕೈಯಾಡಿಸಿದ್ದ.

"ಮೂಲೆ ಇದ್ದರೆ ಜೆಲ್ಲಿಫಿಶ್ ಅಲ್ಲಿ ಸಿಕ್ಕಿಹಾಕಿಕೊಳ್ತದೆ. ನೀರು ಕರೆದುಕೊಂಡು ಹೋದ ಕಡೆ ಹೋಗುದು, ಅಷ್ಟೇ ಗೊತ್ತು ಅದಕ್ಕೆ," ಎಂದಿದ್ದಳು ಸಮನ್ವಿತಾ.

"ನನ್ನ ಹಾಗೆ. ನೀನು ಕರೆದ ಕಡೆ ಬರುದು."

ಉಪ್ಪುನೀರು ಕದಡುತ್ತಿದ್ದ ಕೈಯಿಂದಲೇ ಅವಳು ಅವನ ಮುಖಕ್ಕೆ ಎರಡು ಹನಿ ಚಿಮುಕಿಸಿದ್ದಳು. ಅವನು ಕಣ್ಣು ಮುಚ್ಚಿ ನಕ್ಕದ್ದನ್ನು ಬೇಕೆಂದೇ ತುಸು ಹೆಚ್ಚು ಹೊತ್ತು ನೋಡಿದ್ದಳು.

ಸುಳ್ಯದ ಪೇಟೆಯಲ್ಲಿ ಅವನದು ಕನ್ನಡಕದ ಅಂಗಡಿ. ಮನೆ ಅದರ ಮಾಳಿಗೆಯಲ್ಲಿ, ತೊಟ್ಟಿ ಇಟ್ಟದ್ದೂ ಅಲ್ಲೇ. ಅವಳು ಸಂಪಾಜೆಯಿಂದ ದಿನಾ ಬಸ್ಸಿನಲ್ಲಿ ಬಂದು ಕಾಲೇಜಿನಲ್ಲಿ ಗಣಿತ ಕಲಿಸುವವಳು. ನೀರು ಹದಕ್ಕೆ ಬರಲು ವಾರಗಟ್ಟಲೆ ಕಾಯಬೇಕಾಯಿತು. ಬರಿಯ ನೀರಿನ ಮುಂದೆ ಕುಳಿತ ಇಬ್ಬರನ್ನೂ ಕಂಡು ಅವನ ತಾಯಿ ಗೋದಾವರಮ್ಮ, "ಎಂತ ಉಂಟು ಅದರಲ್ಲಿ ನೋಡ್ಲಿಕ್ಕೆ?" ಎಂದು ನಗುತ್ತಿದ್ದರು.

ಕೊನೆಗೆ ಅಂಗೈಯಗಲದ, ಹಾಲುಬಣ್ಣದ ಎರಡು ಜೆಲ್ಲಿಫಿಶ್ ಬಂದವು. ಅವುಗಳ ಹಿಂದೆಯೇ ಮದುವೆಯ ಮಾತೂ ಬಂತು. ಆದಿತ್ಯವಾರ ಅವನ ಮನೆಯವರು ಸಂಪಾಜೆಗೆ ಹೋಗಿ ನಿಶ್ಚಯ ಮಾಡುವುದೆಂದಾಯಿತು.

ಅಷ್ಟರಲ್ಲಿ ಅವನ ದಾಯಾದಿ ಮನೆಯಲ್ಲೊಂದು ಸಾವಾಗಿ ಸೂತಕ ಬಂತು. ಅದು ಕಳೆಯುವವರೆಗೆ ಅವಳು ಅತ್ತ ಹೋಗಲಿಲ್ಲ, ನಿಶ್ಚಯವನ್ನೂ ಆಮೇಲಿನ ಇನ್ನೊಂದು ಆದಿತ್ಯವಾರಕ್ಕೆ ಮುಂದೂಡಿದರು. ಮತ್ತೆ ಬಂದಾಗ ಜೆಲ್ಲಿಫಿಶ್‌ಗಳು ಮಂದ ನೀಲಿ ಬೆಳಕಿನಲ್ಲಿ ತೇಲುತ್ತಿದ್ದವು. "ಬೆಳಕು ಜಾಸ್ತಿ ಆದ್ರೆ ಅವಕ್ಕೆ ಕಷ್ಟ," ಎಂದ ವಿಷ್ಣುಪ್ರಸಾದ್.

ಅವುಗಳ ಆಹಾರಕ್ಕೆಂದು ಅವಳು ತನ್ನ ಮನೆಯಲ್ಲಿ ಮೊಟ್ಟೆಯೊಡೆಸಿದ, ಹುಡಿಯಷ್ಟು ಸಣ್ಣ ಸೀಗಡಿ ಮರಿಗಳನ್ನು ಸಂಜೆ ಸಂಜೆ ತಂದು ಹಾಕಿದಳು. ತಿಂದರೆ ಜೆಲ್ಲಿಫಿಶ್‌ಗಳ ಹೊಟ್ಟೆ ಕೇಸರಿಯಾಗಿ ಕಾಣಬೇಕು, ಕಾಣಲಿಲ್ಲ. ಮರಿಗಳು ತಳದಲ್ಲಿ ಕೊಳೆತವು. ಹೆದರಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಅದನ್ನು ಅವನಿಗೂ ಹೇಳಿದಳು.

"ಒಳ್ಳೇದಾಗ್ತದೆ," ಎಂದಿದ್ದ.

ನಿಶ್ಚಯಕ್ಕೆ ಎರಡು ದಿನವಿರುವಾಗ, ಶುಕ್ರವಾರ, ಅವನು ಅಂಗಡಿಯಲ್ಲಿದ್ದಾಗ ಅವಳು ದೊಡ್ಡ ದೀಪ ಹಾಕಿ ತೊಟ್ಟಿಗೆ ಕೈ ಇಳಿಸಿದಳು. ಬೆರಳಿಗೆ ಸಿಕ್ಕಿದ್ದು ರಬ್ಬರು. ಅಂಚಿನಲ್ಲಿ ಅಚ್ಚಿನ ಗೆರೆಯೂ ಇತ್ತು.

ಮೆಟ್ಟಿಲೇರಿ ಬಂದ ವಿಷ್ಣುಪ್ರಸಾದ್ ಅವಳ ಕೈ ನೋಡಿ ನಿಂತುಬಿಟ್ಟ.

"ಶುದ್ಧದ ದಿನ ಭಟ್ರು ಮನೆಯಿಡೀ ಪಂಚಗವ್ಯ ಪ್ರೋಕ್ಷಣೆ ಮಾಡಿದ್ರು," ಎಂದ ತಗ್ಗಿದ ಸ್ವರದಲ್ಲಿ. "ಇವು ಕೂಡ ಮನೆಯವೇ ಅಲ್ವಾ, ಇವಕ್ಕೂ ಸೂತಕ ಹೋಗ್ಲಿ ಅಂತ ನಾನೇ ಒಂದು ಸೌಟು ಹಾಕಿದೆ. ಬೆಳಗಾಗುವಾಗ ನೀರೆಲ್ಲ ಮಜ್ಜಿಗೆಯ ಹಾಗೆ... ಎರಡೂ ಹೋಗಿತ್ತು. ನೀನು ಅಳ್ತೀ ಅಂತ ಇದನ್ನು ತರಿಸಿದೆ."

"ಭಕ್ತಿಯಿಂದ ಹಾಕಿದ್ರಿ. ಅದಕ್ಕೆ ನನಗೆ ಸಿಟ್ಟಿಲ್ಲ," ಎಂದಳು ಅವಳು. "ಆ ದಿನವೇ ಹೇಳಿದ್ರೆ ಇಬ್ಬರೂ ಒಟ್ಟಿಗೆ ಅಳ್ತಿದ್ದೆವು. ರಬ್ಬರಿಗೆ ಹಸಿವಾಗಲಿ ಅಂತ ನಾನು ದೇವರ ಹತ್ತಿರ ಬೇಡಿಕೊಂಡೆ. ನಿಮಗೆ ಗೊತ್ತಿತ್ತು. ಒಳ್ಳೇದಾಗ್ತದೆ ಅಂದ್ರಿ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಆದಿತ್ಯವಾರ ಬರುದು ಬೇಡ."

"ಸಮನ್ವಿತಾ, ನಿನ್ನ ಮೇಲೆ ನನಗೆ ಇರುವ ಪ್ರೀತಿ ಸುಳ್ಳಲ್ಲ."

ಇಷ್ಟು ದಿನ ಅವನು ಬಾಯಿಬಿಟ್ಟು ಹೇಳಲಿ ಎಂದು ಅವಳು ಕಾದಿದ್ದ ಮಾತು ಅದು. ಅವಳ ಕಣ್ಣು ತುಂಬಿತು.

"ನಿಜ ಇರಬಹುದು," ಎಂದಳು. "ಆದರೆ ಇನ್ನು ಅದನ್ನೂ ನಾನು ಮುಟ್ಟಿ ನೋಡಿಯೇ ನಂಬಬೇಕಲ್ಲ."

ಕೆಳಗೆ ಸಂಪಾಜೆಯ ಬಸ್ಸು ಹಾರನ್ ಹಾಕಿತು. ಅವಳು ಹೊರಟಳು, ಅವನು ತಡೆಯಲಿಲ್ಲ.